ಸ್ಟೆಪ್ನಿ ಸರಿ, ಹವಾ ಹಾಕುವ ಸಣ್ಣ ಮಷಿನ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ವಿಷಯ ಇದೆ. ಒಂದಕ್ಕೆ ಉತ್ತರ ನನಗೇ ಸಿಕ್ಕಿದೆ ಅನಿಸುತ್ತದೆ. ಇನ್ನೊಂದಕ್ಕೆ ನಿಮ್ಮ ನೆರವು ಬೇಕು.

ಧಾರವಾಡದ ಮಾಳಮಡ್ಡಿಯಲ್ಲಿ ನನ್ನ ಸೋದರಮಾವನ ಮನೆ. ಅವರ ಹತ್ತಿರ 1965ರ ಎಂಜಿಬಿ ಕಾರಿದೆ. ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚುವಂಥ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಮಾವನಿಗೆ ಈಗ ವಯಸ್ಸಾಗಿದೆ, ಹೆಚ್ಚಾಗಿ ಓಡಿಸುವುದು ಅವರಲ್ಲಿ ಕೆಲಸಕ್ಕಿರುವ ಹುಡುಗ. ಅವನು ಓದುವುದು ಕನ್ನಡ ಮಾತ್ರ. ದಾರಿಯಲ್ಲಿ ಪಂಕ್ಚರ್ ಆದರೆ ಏನೇನು ಮಾಡಬೇಕು ಅಂತ ಒಂದು ಚೀಟಿ ಬರೆದುಕೊಡು, ಡಿಕ್ಕಿಯೊಳಗೆ ಅಂಟಿಸುತ್ತೇನೆ ಎಂದು ಮಾವ ಕೇಳಿದರು.

ನಾನು ಮೊದಲು ಬರೆದದ್ದು ಹೀಗೆ: "ಹೆಚ್ಚುವರಿ ಚಕ್ರವನ್ನು ಹೊರತೆಗೆಯಿರಿ. ಅದರ ಗಾಳಿಯ ಒತ್ತಡ ಪರೀಕ್ಷಿಸಿರಿ." ಹುಡುಗ ಎರಡು ಸಲ ಓದಿದ. "ಹೆಚ್ಚುವರಿ ಅಂದ್ರ ಯಾವುದ್ರಿ? ನಾಕರಾಗ ಒಂದೇನ್ರಿ?" ಅಂದ. ಸ್ಟೆಪ್ನಿ ಕಣಪ್ಪ ಅಂದೆ. "ಹಂಗಾರ ಹಂಗ ಬರೀರಲ್ರಿ ಮತ್ತ" ಅಂದ. ಅವನ ಮಾತೇ ಸರಿ ಅಲ್ವಾ?

ಸ್ಟೆಪ್ನಿ ಎಲ್ಲಿಂದ ಬಂತು ಎಂದು ಹುಡುಕಿದೆ. ಮೊದಮೊದಲ ಕಾರುಗಳಿಗೆ ಐದನೇ ಗಾಲಿಯೇ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಟೈರ್ ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸ್‌ನ ಲನೆಲಿ ಎಂಬ ಊರಿನ ಡೇವಿಸ್ ಸಹೋದರರು ಇದಕ್ಕೊಂದು ಉಪಾಯ ಮಾಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟಿನಲ್ಲಿ. ಆ ಬೀದಿಯ ಹೆಸರೇ ಗಾಲಿಗೆ ಬಂತು. ಆದರೆ ಅವರ ಸ್ಟೆಪ್ನಿ ಇಂದಿನ ಸ್ಟೆಪ್ನಿ ಅಲ್ಲ. ಅದು ಕಡ್ಡಿಗಳಿಲ್ಲದ ಬರೀ ರಿಮ್ಮು, ಮೇಲೆ ಮೊದಲೇ ಹವಾ ತುಂಬಿದ ಟೈರ್. ಪಂಕ್ಚರ್ ಆದ ಗಾಲಿಯನ್ನು ಬಿಚ್ಚದೆ ಅದರ ಮಗ್ಗುಲಿಗೇ ಇದನ್ನು ಕ್ಲಾಂಪುಗಳಿಂದ ಬಿಗಿದು ಮುಂದೆ ಸಾಗುತ್ತಿದ್ದರು. ಅಂದರೆ ಅದು ಬದಲಿ ಗಾಲಿಯಲ್ಲ, ಆಸರೆಯ ಗಾಲಿ. ವಸ್ತು ಹೋಯಿತು, ಹೆಸರು ಉಳಿಯಿತು. ಬ್ರೆಜಿಲ್‌ನ ಪೋರ್ಚುಗೀಸಿನಲ್ಲೂ ಇದು 'ಎಸ್ಟೆಪಿ' ಎಂದು ಉಳಿದಿದೆ.

ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಈ ಗಾಲಿ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು. ಹಾಗಾಗಿ ಅಲ್ಲಿ ಹುಡುಕಿ ಉಪಯೋಗವಿಲ್ಲ. ಆದರೆ ನೂರು ವರ್ಷದಿಂದ ನಮ್ಮ ಡ್ರೈವರ್‌ಗಳ ಬಾಯಲ್ಲಿರುವ ಪದವನ್ನು ಪರಕೀಯ ಅಂತ ಬಿಟ್ಟು 'ಹೆಚ್ಚುವರಿ ಚಕ್ರ' ಎಂದು ಬರೆಯುವುದು ನನಗೆ ತಪ್ಪು ಅನಿಸುತ್ತದೆ. ಬದಲಿಗೆ ಬರುವ ಆಳಿಗೂ ನಮ್ಮಲ್ಲಿ ಸ್ಟೆಪ್ನಿ ಅನ್ನುತ್ತಾರೆ. ಹೆಂಗಸರ ವಿಷಯದಲ್ಲಿ ಕೀಳಾಗಿ ಬಳಸುವುದೂ ಇದೆ, ಅದು ಬೇಡ. ಆದರೆ ಹೀಗೆ ಅರ್ಥ ಬೆಳೆಸಿಕೊಂಡ ಪದ ಕನ್ನಡದ್ದೇ ಆಯಿತು ಎಂದಲ್ಲವೇ?

ಇನ್ನು ಎರಡನೆಯದು. ಇದು ನಿಜಕ್ಕೂ ತೊಡಕಿನದು.

ಹಾವೇರಿಗೆ ಹೊರಟಾಗ ಶಿಗ್ಗಾವಿ ದಾಟಿ ಸ್ವಲ್ಪ ದೂರದಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯಿತು. ಡಿಕ್ಕಿಯಲ್ಲಿ ಮಲಗಿಸಿಟ್ಟ ಸ್ಟೆಪ್ನಿ ತೆಗೆದರೆ ಅದೂ ಮೆತ್ತಗಿತ್ತು. ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಪಂಕ್ಚರ್ ಅಂಗಡಿಯವರು ಬಂದು ಹೆಬ್ಬೆರಳಿನಿಂದ ಒತ್ತಿದರು. ಟೈರ್ ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಆದರೂ "ಗಾಲಿ ಚಲೋ ಐತ್ರಿ, ಹವಾ ಇಲ್ಲ" ಅಂದರು. ಆಗ ನನ್ನ ಕಿವಿಗೆ ಒಂದು ವಿಷಯ ಬಿತ್ತು. ಮೈಸೂರು ಕಡೆಯವರು 'ಚಕ್ರಕ್ಕೆ ಗಾಳಿ' ಅನ್ನುತ್ತಾರೆ. ನಾವು 'ಗಾಲಿಗೆ ಹವಾ' ಅನ್ನುತ್ತೇವೆ. ನಮ್ಮಲ್ಲಿ ಚಕ್ಕಡಿಯಿಂದ ಕಾರಿನವರೆಗೆ ಎಲ್ಲದಕ್ಕೂ ಗಾಲಿಯೇ. ಗಾಲಿ ಮತ್ತು ಗಾಳಿ ಒಂದಕ್ಕೊಂದು ತಾಗುತ್ತವೆ ಎಂದೇ ನಾವು ಹವಾ ಹಿಡಿದುಕೊಂಡೆವೋ, ಅಥವಾ ಮರಾಠಿ, ಹಿಂದಿಯ ಸಹವಾಸದಿಂದ ಬಂತೋ? ಎರಡೂ ಇರಬಹುದು ಎಂದು ನನ್ನ ಊಹೆ. "ಅವನ ಹವಾ ಜೋರೈತಿ" ಎನ್ನುವಲ್ಲಿ ಗಾಳಿ ಹಾಕಿದರೆ ಮಾತೇ ಕೆಡುತ್ತದೆ.

ಆ ದಿನದ ನಂತರ ಮಾವ ಒಂದು ಸಣ್ಣ ಯಂತ್ರ ಕೊಂಡರು. ಒಂದು ಇಟ್ಟಿಗೆಯಷ್ಟು ದೊಡ್ಡದು. ಒಳಗೇ ಬ್ಯಾಟರಿ, ಮುಂದೆ ನಂಬರ್ ತೋರಿಸುವ ಪರದೆ, ಒಂದು ಮೊಳಕ್ಕಿಂತ ಚಿಕ್ಕ ಪೈಪು. ಹವಾದ ಒತ್ತಡ ಎಷ್ಟು ಪೌಂಡು ಬೇಕೋ ಅಷ್ಟು ಒತ್ತಿದರೆ ತುಂಬಿ ತಾನೇ ನಿಲ್ಲುತ್ತದೆ. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಜಾತಿಯದು ಬೇಡ ಎಂದರು. ಕಾರಣ ಇದೆ. 1967ಕ್ಕೆ ಮುಂಚಿನ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ಸೇ ಕಾರಿನ ಬಾಡಿಗೆ ಸೇರಿರುತ್ತದೆ, ಇಂದಿನ ಕಾರಿಗೆ ಉಲ್ಟಾ. ಇಂದಿನ ಡಿಜಿಟಲ್ ಯಂತ್ರ ಅದರಲ್ಲಿ ಕೆಡಬಹುದು.

ಇದಕ್ಕೆ ಏನನ್ನೋಣ? 'ಗಾಳಿಯಂತ್ರ' ಅಂದರೆ ಗದಗಿನವರಿಗೆ ಕಪ್ಪತಗುಡ್ಡದ ಕಡೆ ತಿರುಗುವ ದೊಡ್ಡ ರೆಕ್ಕೆಗಳೇ ನೆನಪಾಗುತ್ತವೆ. 'ಪಂಪು' ಅಂದರೆ ಸೈಕಲ್ಲಿಗೆ ಕೈಯಿಂದ ಹೊಡೆಯುವುದು. 'ಕಂಪ್ರೆಸರ್' ಅಂದರೆ ಹುಬ್ಬಳ್ಳಿಯ ಪಿ.ಬಿ. ರೋಡಿನ ಅಂಗಡಿಗಳಲ್ಲಿ ಡುಗುಡುಗು ಅನ್ನುವ ಟ್ಯಾಂಕು. ಕಮ್ಮಾರರ 'ತಿದಿ' ನೆನಪಾಗಿ ಖುಷಿಯಾಯಿತು. ಚಂದದ ಪದ. ಆದರೆ ತಿದಿ ಗಾಳಿ ಊದುತ್ತದೆ ಅಷ್ಟೇ, ಅಳೆದು ತುಂಬುವುದಿಲ್ಲ. ಇಂಥದ್ದೇ ತೊಡಕು ಗಾಲಿಯ ನಡುವಿನ ನಟ್ಟಿಗೂ ಬಂತು. ಈ ಕಾರಿನದು ಸೈಕಲ್ಲಿನ ಹಾಗೆ ಕಡ್ಡಿಗಳ ಗಾಲಿ. ನಾಲ್ಕೈದು ಬೋಲ್ಟ್ ಇಲ್ಲ, ಕಿವಿಗಳಿರುವ ಒಂದೇ ನಟ್ಟು. ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಚ್ಚಬೇಕು. ಬಲಗಡೆಯ ಗಾಲಿಗಳಿಗೆ ಉಲ್ಟಾ ಥ್ರೆಡ್ಡು. ಅದಕ್ಕೆ ನಾನು 'ಕಡೆಗೀಲು' ಎಂದು ಬರೆದೆ. ಬಂಡಿಯ ಗಾಲಿ ಕಳಚದಂತೆ ಹಿಡಿಯುವುದೂ ಅದೇ ತಾನೇ? ಹುಡುಗನಿಗೆ ತಕ್ಷಣ ಹೊಳೆಯಿತು, ಅವನ ಅಜ್ಜನ ಚಕ್ಕಡಿ ಇನ್ನೂ ಇದೆಯಂತೆ.

ಯಂತ್ರಕ್ಕೆ ಯಾರೋ 'ಸ್ಟೆಪ್ನಿ ಬದಲಿ' ಅನ್ನಿ ಎಂದರು. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಕಡ್ಡಿ ಗಾಲಿಯಲ್ಲಿ ಕಡ್ಡಿಗಳ ತುದಿ ರಿಮ್ಮಿನೊಳಕ್ಕೆ ಬಂದಿರುವುದರಿಂದ ಸುಮ್ನೆ ಹವಾ ನಿಲ್ಲುವುದಿಲ್ಲ, ಒಳಗೆ ಟ್ಯೂಬು ಬೇಕೇ ಬೇಕು. ಟ್ಯೂಬಿಗೆ ಮೊಳೆ ಚುಚ್ಚಿದರೆ ಹವಾ ಬೇಗ ಖಾಲಿ. ಎಷ್ಟು ತುಂಬಿದರೂ ಅಷ್ಟೇ ಬೇಗ ಹೊರಗೆ. ಅಲ್ಲಿ ಸ್ಟೆಪ್ನಿಯೇ ಗತಿ. ಈ ಯಂತ್ರದ ಕೆಲಸ ಬೇರೆ. ಮಲಗಿರುವ ಸ್ಟೆಪ್ನಿಯ ಹವಾ ಆಗಾಗ ಸರಿಮಾಡುವುದು. ಹಾಕಿದ ಮೇಲೆ ನಾಲ್ಕೂ ಗಾಲಿಗೆ 20ರಿಂದ 25 ಪೌಂಡಿನ ಒಳಗೆ ಕೂರಿಸುವುದು. ಅಂಗಡಿಗಳಲ್ಲಿ ಕೇಳದಿದ್ದರೆ 30ಕ್ಕಿಂತ ಜಾಸ್ತಿ ಹಾಕಿಬಿಡುತ್ತಾರೆ. ಹೆಸರೇ ತಪ್ಪು ತಿಳಿಸಿದರೆ ಹುಡುಗ ಸ್ಟೆಪ್ನಿ ಮನೆಯಲ್ಲೇ ಬಿಟ್ಟು ಹೊರಟಾನು.

ಹಾವೇರಿ, ಗದಗ ಕಡೆಯವರು ದಯವಿಟ್ಟು ತಿಳಿಸಿ. ನಿಮ್ಮೂರಿನ ಪಂಕ್ಚರ್ ಅಂಗಡಿಯವರು, ಟ್ರ್ಯಾಕ್ಟರ್ ಇಟ್ಟವರು ಈ ಸಣ್ಣ ಯಂತ್ರಕ್ಕೆ ಏನಾದರೂ ಹೆಸರು ಇಟ್ಟಿದ್ದಾರಾ? ಸ್ಟೆಪ್ನಿಗೆ 'ಇಸ್ಟೆಪ್ನಿ', 'ಸ್ಟೆಪಿನಿ' ಅಲ್ಲದೆ ಬೇರೆ ಉಚ್ಚಾರ ಇದೆಯಾ? ಚೀಟಿಯಲ್ಲಿ ಸದ್ಯ 'ಸಣ್ಣ ಹವಾ ಮಷಿನ್' ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಬರುವ ಸೋಮವಾರ ಮಾವ ಅದಕ್ಕೆ ಲ್ಯಾಮಿನೇಷನ್ ಮಾಡಿಸುತ್ತಾರೆ.