ಅತ್ತೆ, ಆ ಕಾರು ಈಗಲೇ ಎಳೆಸಬೇಡಿ

ಅತ್ತೆ, ಎರಡು ಸಲ ಫೋನ್ ಮಾಡಿದೆ, ಬಿಜಿ ಬಂತು. ಊರಿನವರೆಲ್ಲ ವಿಚಾರಿಸೋಕೆ ಮಾಡುತ್ತಿರುತ್ತಾರೆ, ಗೊತ್ತು. ಅದಕ್ಕೆ ಗ್ರೂಪಿಗೇ ವಾಯ್ಸ್ ಹಾಕುತ್ತಿದ್ದೇನೆ. ಉದ್ದ ಆಗುತ್ತೆ, ಭಾವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ನಿನ್ನೆ ರಾತ್ರಿ ನಿಮ್ಮನೆ ಗೋಡೆಗೆ ಕಾರು ನುಗ್ಗಿದ ಫೋಟೋ ನೋಡಿದೆ. ಬಿ.ಎಚ್. ರೋಡಿನ ಆ ತಿರುವಿನಲ್ಲಿ ಒಂದಲ್ಲ ಒಂದು ದಿನ ಹೀಗಾಗುತ್ತೆ ಅಂತ ಮಾವ ಇದ್ದಾಗಲೇ ಹೇಳುತ್ತಿದ್ದರು. ದಿನಾ ಜಗಲಿಯಲ್ಲಿ ಮಲಗುವ ಅಜ್ಜಿ ನಿನ್ನೆ ಸೊಳ್ಳೆ ಜಾಸ್ತಿ ಅಂತ ಒಳಗೆ ಮಲಗಿದ್ದರಂತೆ. ಅದನ್ನ ಕೇಳಿ ಮೈ ಜುಂ ಅಂತು. ಆ ಸೊಳ್ಳೆಗಳಿಗೆ ಕೈ ಮುಗಿಯಬೇಕು.

ನೀವು ಕೇಳಿದ್ದು, ಕಾರಿನವರು ಬೆಳಗ್ಗೆನೇ ನಾಲ್ಕು ಜನ ದೊಡ್ಡವರನ್ನು ಕರೆದುಕೊಂಡು ಬಂದು 50,000 ಕೊಡುತ್ತೇವೆ, ಕಂಪ್ಲೇಂಟ್ ಬೇಡ, ಸಂಜೆಯೊಳಗೆ ಕಾರು ಎಳೆದುಕೊಂಡು ಹೋಗುತ್ತೇವೆ ಅಂದಿದ್ದಾರೆ, ಏನು ಹೇಳಲಿ ಅಂತ. ದುಡ್ಡಿನ ಮಾತು ಆಮೇಲೆ. ಮೊದಲು ಕಾರು ಮುಟ್ಟೋಕೆ ಬಿಡಬೇಡಿ.

ಭಾವ ಹಾಕಿದ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಕಿಟಕಿ ಮೇಲಿನ ಲಿಂಟಲ್ ಬಂದು ಕಾರಿನ ಟಾಪ್ ಮೇಲೆ ಕೂತಿದೆ. ಅಂದರೆ ಈಗ ಆ ಗೋಡೆಯನ್ನ ಹಿಡಿದುಕೊಂಡಿರೋದೇ ಕಾರು! ಕ್ರೇನ್ ತಂದು ಎಳೆದರೆ ಮೇಲಿರೋದೆಲ್ಲ ಅದರ ಹಿಂದೆಯೇ ಬರುತ್ತೆ. ಮೇಲೇನಿದೆ? ಅಟ್ಟ. ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ಹೋದ ಸಲ ಬಂದಾಗ ನಾಲ್ಕು ಸಾವಿರ ಇದೆ ಅಂದಿದ್ದಿರಿ. ಕಾಯಿಗೆ ಬರೀ ಅರ್ಧ ಕೆಜಿ ಅಂತ ಇಟ್ಟುಕೊಂಡರೂ ಎರಡು ಟನ್ ಆಯಿತು. ಅದರ ತೊಲೆಗಳು ಕೂತಿರೋದು ಅದೇ ಮಣ್ಣಿನ ಗೋಡೆ ಮೇಲೆ.

ಹಾಗಾಗಿ ಸೆಂಟ್ರಿಂಗ್ ಕೆಲಸದವರನ್ನು ಕರೆಸಿ. ಅವರ ಹತ್ತಿರ ಕಬ್ಬಿಣದ ಜಾಕಿ ಬಾಡಿಗೆಗೆ ಸಿಗುತ್ತೆ. ತೊಲೆ ಕೆಳಗೆ ಹಲಗೆ ಕೊಟ್ಟು ಜಾಕಿ ನಿಲ್ಲಿಸಲಿ. ಆಮೇಲೆ ಕಾಯಿ ಇಳಿಸೋದು, ಅದೂ ಹಿತ್ತಿಲ ಕಡೆಯಿಂದ. ಕಾರು ಎಳೆಯೋದು ಕೊನೆಗೆ, ಮೇಸ್ತ್ರಿ ಸರಿ ಅಂದ ಮೇಲೆ. ಅಲ್ಲಿವರೆಗೆ ನಡುಮನೆಗೆ ಯಾರೂ ಹೋಗಬೇಡಿ, ಟಿವಿ ತರೋಕೂ ಬೇಡ. ಮೀಟರ್ ಬೋರ್ಡ್ ಕಿತ್ತು ನೇತಾಡುತ್ತಿದೆ ಅಲ್ವಾ, ಅದನ್ನ ಭಾವ ಮುಟ್ಟೋದು ಬೇಡ. 1912ಕ್ಕೆ ಹೇಳಿದರೆ ಲೈನ್‌ಮನ್ ಬಂದು ಕಂಬದಲ್ಲೇ ತೆಗೆಯುತ್ತಾರೆ. ಸಿಲಿಂಡರ್ ಹಿತ್ತಿಲಿಗೆ ಇಡಿ. ಗ್ಯಾಸ್ ವಾಸನೆ ಏನಾದರೂ ಬಂದರೆ 1906.

ಈಗ ದುಡ್ಡಿಗೆ ಬರೋಣ. ದೊಡ್ಡಪ್ಪ, ನೀವು ಮೇಲೆ ಹಾಕಿದ ಮೆಸೇಜ್ ನೋಡಿದೆ, ಕೋರ್ಟು ಕಚೇರಿ ಯಾಕೆ, ಕೊಟ್ಟಷ್ಟು ತಗೊಂಡು ಮುಗಿಸಿ ಅಂತ. ಬೇಜಾರು ಮಾಡಿಕೊಳ್ಳಬೇಡಿ, ಮೂರು ವರ್ಷದ ಹಿಂದೆ ನಾವು ಮಾಡಿದ್ದೂ ಅದನ್ನೇ.

ನಮ್ಮನೆಗೆ ಕಾರು ನುಗ್ಗಿದ ಕಥೆ ನಿಮಗೆಲ್ಲ ಅರ್ಧ ಗೊತ್ತು. ಕಾಂಪೌಂಡ್ ಒಡೆದುಕೊಂಡು ಅಡುಗೆಮನೆಗೆ ಬಂದಿತ್ತು. ಕರೆಂಟ್ ಹೋಗಿ ಕತ್ತಲು. ಆ ಧೂಳಲ್ಲಿ ಕಾರಿನ ಇಂಡಿಕೇಟರ್ ಮಾತ್ರ ಟಿಕ್ ಟಿಕ್ ಅಂತ ಹೊಡೆದುಕೊಳ್ಳುತ್ತಿತ್ತು. ಒಂದು ಸಲ ಬೆಳಗಿದಾಗ ಪಾತ್ರೆ ಸ್ಟ್ಯಾಂಡ್ ಕಾಣೋದು, ಆರಿದಾಗ ಏನೂ ಇಲ್ಲ. ಅಮ್ಮ ಸುಮ್ನೆ ಲೋಟ ಎತ್ತಿಡುತ್ತಾ ಕೂತಿದ್ದರು. ಮಾರನೇ ದಿನ ಆ ಕಾರಿನವರೂ ಹೀಗೇ ಬಂದರು, ಹುಡುಗನ ಭವಿಷ್ಯ, ಮದುವೆ ಗೊತ್ತಾಗಿದೆ ಅಂತೆಲ್ಲ. 40,000 ತಗೊಂಡೆವು. ಇನ್ನು ಏನೂ ಕೇಳುವುದಿಲ್ಲ ಅಂತ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿದೆವು. ಮೇಸ್ತ್ರಿ ಇಟ್ಟಿಗೆ ಕಟ್ಟಿ ಪ್ಲಾಸ್ಟರಿಂಗ್ ಮಾಡಿ ಬಣ್ಣ ಹೊಡೆದ, ಚೆನ್ನಾಗೇ ಕಾಣಿಸಿತು. ಮಳೆಗಾಲದಲ್ಲಿ ಹಿತ್ತಿಲ ಬಾಗಿಲು ಹಾಕೋಕೆ ಆಗದ ಹಾಗಾಯಿತು. ಮೂಲೆಯಿಂದ ಓರೆಯಾಗಿ ಬಿರುಕು. ಅಗೆದು ನೋಡಿದರೆ ಪಿಲ್ಲರ್ ಬುಡದಲ್ಲೇ ಅಲ್ಲಾಡಿತ್ತು. 2 ಲಕ್ಷದ ಮೇಲೆ ಬಿತ್ತು. ಕಾರಿನವರಿಗೆ ಫೋನ್ ಮಾಡಿದರೆ ಆ ಪೇಪರ್ ಫೋಟೋ ತೆಗೆದು ಕಳಿಸಿದರು, ಅಷ್ಟೇ.

ಅದಕ್ಕೆ ಹೇಳುತ್ತಿದ್ದೇನೆ, ಇವತ್ತು ಯಾವ ಮೊತ್ತಕ್ಕೂ ಒಪ್ಪಬೇಡಿ. ನಿಮ್ಮ ನಷ್ಟ ಎಷ್ಟು ಅಂತ ನಿಮಗೇ ಇನ್ನೂ ಗೊತ್ತಿಲ್ಲ. ಹೊಡೆದ ಗೋಡೆ ಮಾತ್ರ ಅಲ್ಲ, ಅದಕ್ಕೆ ಸೇರಿದ ಅಡ್ಡಗೋಡೆಗಳನ್ನೂ ನೋಡಿ. ಬಿರುಕು ಎಲ್ಲಿ ಕೊನೆಯಾಗಿದೆಯೋ ಅಲ್ಲಿ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಎಳೆದು ಇವತ್ತಿನ ತಾರೀಕು ಬರೆಯಿರಿ. ವಾರ ಬಿಟ್ಟು ಅದು ಗೆರೆ ದಾಟಿದ್ದರೆ ಗೋಡೆ ಇನ್ನೂ ಜರುಗುತ್ತಿದೆ ಅಂತ. ಇದನ್ನ ಎಂಜಿನಿಯರೇ ನನಗೆ ತೋರಿಸಿಕೊಟ್ಟಿದ್ದು. ಎಸ್ಟಿಮೇಟನ್ನೂ ಎಂಜಿನಿಯರ್ ಕೈಯಲ್ಲೇ ಬರೆಸಿ, ಸೀಲು ಸಹಿ ಇರಲಿ. ಮೇಸ್ತ್ರಿ ಬೀಡಿ ಕಟ್ಟಿನ ಹಿಂದೆ ಬರೆದುಕೊಟ್ಟಿದ್ದು ವಿಮೆಯವರ ಮುಂದೆ ನಿಲ್ಲಲ್ಲ.

ಹ್ಞಾಂ, ವಿಮೆ. ಭಾವ ಕಳಿಸಿದ ಕಾರಿನ ನಂಬರ್ ಎಂ-ಪರಿವಾಹನ್ ಆಪ್‌ನಲ್ಲಿ ಹಾಕಿ ನೋಡಿದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರೋದೇ ಇಂಥದ್ದಕ್ಕೆ, ಅಲ್ವಾ? ಕಾರಿಗಾದರೆ ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ಇರುತ್ತೆ. ಕೆಲವರು ಪ್ರೀಮಿಯಂ ಉಳಿಸೋಕೆ ಅದನ್ನ 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಮಿಕ್ಕಿದ್ದು ಓನರ್ ತಲೆಗೆ. ಅದಕ್ಕೆ ಪಾಲಿಸಿ ಕಾಪಿ ಕೇಳಿ ಇಸ್ಕೊಳ್ಳಿ.

ಎಫ್‌ಐಆರ್ ಇಲ್ಲದೆ ವಿಮೆಯವರ ಹತ್ತಿರ ಹೋಗಿ ಪ್ರಯೋಜನ ಇಲ್ಲ. ಸ್ಟೇಷನ್ನಲ್ಲಿ ಯಾರಿಗೂ ಏಟಾಗಿಲ್ಲವಲ್ಲಮ್ಮ, ರಾಜಿ ಮಾಡಿಕೊಳ್ಳಿ ಅನ್ನಬಹುದು. ಬರೆದ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಎಫ್‌ಐಆರ್ ಕಾಪಿ ದೂರು ಕೊಟ್ಟವರಿಗೆ ಫ್ರೀ. ಕಾರು ಓಡಿಸಿದ ಆ ಹುಡುಗ ಜೈಲಿಗೆ ಹೋಗುತ್ತಾನೆ ಅಂತ ಅವರಮ್ಮ ಅಳುತ್ತಿದ್ದಾರೆ ಅಂದ್ರಿ. ಅಡ್ಡಾದಿಡ್ಡಿ ಗಾಡಿ ಓಡಿಸಿದ್ದಕ್ಕೆ ಈಗಿನ ಬಿಎನ್‌ಎಸ್, ಅಂದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್. ಜಾಮೀನು ಸಿಗುವಂಥದ್ದು. ಜಾಸ್ತಿ ಅಂದರೆ 6 ತಿಂಗಳು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಯಮ್ಮನಿಗೂ ಇದನ್ನ ಹೇಳಿ, ಪಾಪ. ಯಾರ ಮೇಲೂ ಹಗೆ ಇಲ್ಲ. ಅವರು ಕಟ್ಟಿದ ವಿಮೆಯಿಂದ ನಿಮ್ಮ ಗೋಡೆ ಎದ್ದರೆ ಅವರ ಜೇಬಿಗೂ ಒಳ್ಳೆಯದೇ.

ಪೊಲೀಸರು ಸ್ಪಾಟ್ ಮಹಜರ್ ಬರೆಯುವಾಗ ಭಾವ ಪಕ್ಕದಲ್ಲೇ ನಿಂತಿರಬೇಕು. ಗೋಡೆ, ಹೆಂಚು, ಅಜ್ಜಿಯ ಮಂಚ, ಸೈಕಲ್ಲು, ಎಲ್ಲ ಬರಬೇಕು. ಕಾಯಿಯಂತೂ ಬಿಡಲೇಬೇಡಿ. ಸಿಪ್ಪೆ ಸಮೇತ ಬಿದ್ದಿದ್ದಕ್ಕೆ ಹೊರಗೆ ಏನೂ ಕಾಣಲ್ಲ, ಒಳಗೆ ಉಂಡೆ ಕೊಬ್ಬರಿ ಒಡೆದಿದ್ದರೆ ಹೋಳಿನ ರೇಟೇ ಗತಿ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಿದ್ದಿದ್ದನ್ನ ಬೇರೆ ರಾಶಿ ಹಾಕಿ, ಎಣಿಸಿ, ಫೋಟೋ ತೆಗೆದಿಡಿ. ಎಪಿಎಂಸಿಯಲ್ಲಿ ಈ ವಾರದ ರೇಟು ಬರೆದಿಟ್ಟುಕೊಳ್ಳಿ. ಆರ್‌ಟಿಒ ಕಡೆಯ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಗಾಡಿ ನೋಡಿ ರಿಪೋರ್ಟ್ ಕೊಡುತ್ತಾರೆ, ಬ್ರೇಕ್ ಫೇಲ್ ಅನ್ನೋ ಅವರ ಮಾತು ನಿಜವೋ ಸುಳ್ಳೋ ಅದರಲ್ಲಿ ಗೊತ್ತಾಗುತ್ತೆ.

ವಿಮೆಯವರು ಸತಾಯಿಸಿದರೆ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸು. ಆಸ್ತಿ ನಷ್ಟಕ್ಕೂ ಹಾಕಬಹುದು, ತಿಪಟೂರು ಕೋರ್ಟಿನಲ್ಲೇ. ಆರು ತಿಂಗಳು ದಾಟಿಸಬೇಡಿ, 2022ರಿಂದ ಆ ಗಡುವು ಬಂದಿದೆ. ಲಾಯರ್ ಫೀಸಿಗೆ ಹೆದರಬೇಡಿ ಅತ್ತೆ. ಮನೆ ನಿಮ್ಮ ಹೆಸರಲ್ಲೇ ಇರೋದು ತಾನೆ? ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಫ್ರೀ ಲಾಯರ್ ಕೊಡುತ್ತಾರೆ. ಕೋರ್ಟಿನ ಆವರಣದಲ್ಲೇ ಅವರ ಆಫೀಸು, ಫೋನ್ ಆದರೆ 15100. ಇ-ಸ್ವತ್ತಿನ ಫಾರಂ 9, ಫಾರಂ 11, ಕಂದಾಯದ ರಸೀದಿ ಒಂದು ಕವರಿಗೆ ಹಾಕಿಡಿ. ಇನ್ನೊಂದು, ಹಿಂದಿನ ಆರ್‌ಸಿಸಿ ರೂಮಿಗೆ ಬ್ಯಾಂಕ್ ಸಾಲ ತಗೊಂಡಾಗ ಮನೆಗೆ ಏನಾದರೂ ಇನ್ಶೂರೆನ್ಸ್ ಮಾಡಿಸಿದ್ದರಾ ಕೇಳಿ. ಭಾರತ್ ಗೃಹ ರಕ್ಷಾ ಅಂತ ಇದ್ದರೆ ಗಾಡಿ ಗುದ್ದಿದ್ದೂ ಅದರಲ್ಲಿ ಬರುತ್ತೆ.

ನಡುಮನೆಯಲ್ಲಿದ್ದ ರಾಗಿ ಹಿಟ್ಟಿನ ಡಬ್ಬ ಚೆಲ್ಲಿಬಿಡಿ. ಜರಡಿ ಹಿಡಿದು ಉಳಿಸಿಕೊಳ್ಳೋಣ ಅಂತ ಹೋಗಬೇಡಿ, ನಮ್ಮಮ್ಮನ ಬಾಯಿಗೆ ಮೂರು ದಿನದ ಮೇಲೆ ಗಾಜಿನ ಚೂರು ಸಿಕ್ಕಿತ್ತು.

ಅಜ್ಜಿ ಲಾರಿ ಹಾರನ್ ಕೇಳಿದರೆ ಎದ್ದು ಕೂರುತ್ತಾರೆ ಅಂದ್ರಲ್ಲ, ಅಮ್ಮನಿಗೂ ಸುಮಾರು ದಿನ ಹಾಗೇ ಇತ್ತು. ಇವತ್ತು ರಾತ್ರಿ ಎಲ್ಲರೂ ಹಿತ್ತಿಲ ರೂಮಲ್ಲೇ ಮಲಗಿ, ಅವರ ಮಂಚ ರಸ್ತೆ ಕಡೆ ಬೇಡ. ನಾನು ನಾಳೆ ಬೆಳಗಿನ ಟ್ರೇನಿಗೆ ಬರುತ್ತೇನೆ. ಭಾವ, ಮಧ್ಯಾಹ್ನ ಕಾರಿನವರು ಮತ್ತೆ ಬಂದರೆ ಕಾಫಿ ಕೊಡಿ, ಪೇಪರ್ ಕೊಟ್ಟರೆ ಮಡಚಿ ಇಟ್ಟುಕೊಳ್ಳಿ, ಪೆನ್ನು ಮುಟ್ಟಬೇಡಿ. ಜಾಕಿಯವರು ಸಿಕ್ಕಿದರಾ ಇಲ್ಲವಾ ಅಂತ ಇಲ್ಲೇ ಒಂದು ಮೆಸೇಜ್ ಹಾಕಿ.