ಸಹಾಯ ಬೇಕು: ಮಯೋರ್ಕಾಗೆ ಸೈಕಲ್ ಟೂರ್ ಹೋಗಿಬಂದವರು ಯಾರಾದ್ರೂ ಇದ್ದೀರಾ?

ಎಲ್ರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಗೈಡ್ ಇರೋ ರೋಡ್ ಸೈಕ್ಲಿಂಗ್ ಟೂರ್‌ಗೆ ನಾನೂ ನಮ್ಮ ಭಾವನೂ ಹೆಸರು ಕೊಟ್ಟಿದೀವಿ, ದಿನಾ 80-100 ಕಿಲೋಮೀಟರ್, ಹಿಂದೆ ಒಂದು ವ್ಯಾನ್ ಬರತ್ತಂತೆ. ಅಡ್ವಾನ್ಸ್ ಕಟ್ಟಿದ್ಮೇಲೆ ಭಯ ಶುರುವಾಗಿದೆ.

ನನ್ನ ಲೆವೆಲ್ ಹೇಳ್ಬೇಕಂದ್ರೆ, ನಂದಿ ಬೆಟ್ಟ ಕಾಲು ಊರದೆ ಹತ್ತತೀನಿ, ಆದ್ರೆ ಮೇಲೆ ಹೋದ್ಮೇಲೆ ಯಾರಾದ್ರೂ ಮಾತಾಡ್ಸಿದ್ರೆ ಉತ್ತರ ಕೊಡೋ ಸ್ಥಿತೀಲಿ ಇರಲ್ಲ. ಅಲ್ಲಿ ಸಾ ಕಲೋಬ್ರಾ ಅಂತ ಒಂದು ಏರು, 9 ಕಿಲೋಮೀಟರ್‌ಗೂ ಜಾಸ್ತಿ, ಸರಾಸರಿ 7 ಪರ್ಸೆಂಟ್ (ಅಂದ್ರೆ 100 ಮೀಟರ್‌ಗೆ 7 ಮೀಟರ್ ಮೇಲಕ್ಕೆ), ಅದೂ ಮೊದ್ಲು ಸಮುದ್ರದ ತನಕ ಇಳಿದು ಆಮೇಲೆ ಅದೇ ರೋಡಲ್ಲಿ ವಾಪಸ್ ಹತ್ತಬೇಕು, ಬೇರೆ ರೋಡೇ ಇಲ್ಲ! ಮುಂದೆ 34 ಹಿಂದೆ 32 ಹಲ್ಲಿನ ಗೇರ್ ಸಾಕಾ, ಇಲ್ಲ ಹಿಂದೆ ಇನ್ನೂ ದೊಡ್ಡದು ಹಾಕಿಕೊಡಿ ಅಂತ ಕೇಳ್ಲಾ?

ಇನ್ನೊಂದು, ಸೈಕಲ್ ಇಲ್ಲಿಂದ ತಗೊಂಡ್ ಹೋಗೋದಾ ಅಲ್ಲೇ ಬಾಡಿಗೆಗಾ? ಹೋದ್ಸಲ ಫ್ಲೈಟಲ್ಲಿ ಹಾಕಿದಾಗ ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಾಯಿಸೋ ಭಾಗನ ಫ್ರೇಮಿಗೆ ಹಿಡಿದಿರೋ ಪಟ್ಟಿ) ಬಗ್ಗಿಹೋಗಿತ್ತು, ಮತ್ತೆ ಆ ತಲೆನೋವು ಬೇಡ. ಆದ್ರೆ ಬಾಡಿಗೆ ಸೈಕಲಲ್ಲಿ ಮುಂದಿನ ಬ್ರೇಕ್ ಎಡಗೈಗೆ ಇರತ್ತಂತೆ, ನಮ್ದು ಬಲಗೈಗೆ, ಮೇಲಾಗಿ ಅಲ್ಲಿ ರೋಡಿನ ಬಲಗಡೆ ಓಡಿಸ್ಬೇಕು, ಇಳಿಜಾರಿನ ತಿರುವಲ್ಲಿ ಗಾಬರಿಯಾಗಿ ತಪ್ಪು ಲಿವರ್ ಒತ್ತಿದ್ರೆ ಗತಿ? ಲಿವರ್ ಬದಲಾಯಿಸಿ ಕೊಡ್ತಾರಾ?

ಸ್ಪೇನ್‌ಗೆ ಬೇಕಾದ ಶೆಂಗೆನ್ ವೀಸಾಗೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಹೇಗೂ ಮಾಡಿಸ್ಬೇಕು, ಸೈಕಲ್‌ನಿಂದ ಬಿದ್ರೂ ಕವರ್ ಆಗೋ ಪಾಲಿಸಿ ಯಾರಾದ್ರೂ ತಗೊಂಡಿದ್ರೆ ಹೇಳಿ. ಭಾವ ಪಕ್ಕಾ ಸಸ್ಯಾಹಾರಿ, ಅವರು ಚಟ್ನಿಪುಡಿ ಪ್ಯಾಕ್ ಮಾಡೋಕೆ ಈಗ್ಲೇ ಶುರು ಮಾಡಿದಾರೆ, ಅದರ ಚಿಂತೆ ಇಲ್ಲ.