ಹಳದಿ ಗೋಟ್‌ಫಿಶ್‌ಗೆ 4 ಅಡಿ ಟ್ಯಾಂಕ್ ಸಾಕಾ? ಸಾಕಿದವರು ಹೇಳಿ

ಚಿಕ್ಕಬಳ್ಳಾಪುರ: ಉಪ್ಪುನೀರಿನ ಟ್ಯಾಂಕ್ ಇದೆ, 4×1.5×1.5 ಅಡಿ. ಒಂದು ಜೊತೆ ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ತಳಕ್ಕೆ ಹವಳದ ದಪ್ಪ ಚೂರು. 5 ಇಂಚಿನ ಹಳದಿ ಗೋಟ್‌ಫಿಶ್ (ಗಲ್ಲದಲ್ಲಿ ಮೀಸೆ ಇರೋ ಸಮುದ್ರದ ಮೀನು) ಸಿಗ್ತಿದೆ. ಮರಳು ಕೆದಕಿ ಕ್ಲೀನ್ ಮಾಡುತ್ತೆ ಅಂತಾರೆ. ತರಬಹುದಾ? ನೀರು ಬೋರ್‌ವೆಲ್‌ದು, ಟಿಡಿಎಸ್ (ಕರಗಿರೋ ಲವಣದ ಅಳತೆ) 1100.

ತುಮಕೂರು: ಈ ಟ್ಯಾಂಕಿಗೆ ಬೇಡ ಸರ್. ಹಳದಿ ಗೋಟ್‌ಫಿಶ್ ಅಂದ್ರೆ ಪ್ಯಾರುಪೆನಿಯಸ್ ಸೈಕ್ಲೋಸ್ಟೋಮಸ್, ಸಮುದ್ರದಲ್ಲಿ 50 ಸೆಂ.ಮೀ. ವರೆಗೆ ಬೆಳೆಯೋ ಜಾತಿ. ನಿಮ್ಮ ಟ್ಯಾಂಕಿನ ಅಗಲವೇ 45 ಸೆಂ.ಮೀ. ಕ್ಲೀನ್ ಮಾಡುತ್ತೆ ಅನ್ನೋದು ಅಂಗಡಿ ಮಾತು. ಮರಳಲ್ಲಿ ಅದು ಹುಡುಕೋದು ಹುಳ, ಏಡಿಮರಿ, ಸಿಗಡಿ. ಪಾಚಿಯನ್ನ ಮೂಸಿಯೂ ನೋಡಲ್ಲ. ಈ ಜಾತಿಯಂತೂ ಗಲ್ಲದ ಎರಡು ಮೀಸೆಯನ್ನ ಕಲ್ಲಿನ ಸಂದಿಗೆ ತೂರಿಸಿ, ಒಳಗಿರೋ ಸಣ್ಣ ಮೀನನ್ನ ಹೊರಗೆಬ್ಬಿಸಿ ಹಿಡಿಯುತ್ತೆ. ನಿಮ್ಮಲ್ಲಿ ಸಿಗಡಿ ಮೊದಲು ಹೋಗುತ್ತೆ, ಕ್ಲೌನ್ ಆಮೇಲೆ.

ಶುರುವಿಗೆ 6×2×2 ಅಡಿ, ಅಂದ್ರೆ ಸುಮಾರು 680 ಲೀಟರ್. ಪೂರ್ತಿ ಬೆಳೆದ ಮೇಲೆ ಅದೂ ಇಕ್ಕಟ್ಟೇ, 8 ಅಡಿ ಉದ್ದ ಎರಡೂವರೆ ಅಡಿ ಅಗಲ ಬೇಕು. ಎತ್ತರಕ್ಕಿಂತ ತಳದ ಜಾಗಕ್ಕೆ ದುಡ್ಡು ಹಾಕಿ. ತಳಕ್ಕೆ ಸಕ್ಕರೆ ಕಾಳಿನಷ್ಟು ಸಣ್ಣ ಅರಗೊನೈಟ್ (ಸುಣ್ಣದಂಶದ) ಮರಳು, 5 ಸೆಂ.ಮೀ. ದಪ್ಪ, 6 ಅಡಿ ಟ್ಯಾಂಕಿಗೆ ಹತ್ತಿರ ಹತ್ತಿರ 80 ಕೆ.ಜಿ. ಹಿಡಿಯುತ್ತೆ. ದಪ್ಪ ಚೂರಿನಲ್ಲಿ ಕೆದಕಿದ್ರೆ ಮೀಸೆ ಗಾಯ ಆಗಿ ಕೊಳೆಯೋಕೆ ಶುರುವಾಗುತ್ತೆ. ಕಲ್ಲನ್ನ ಮರಳಿನ ಮೇಲೆ ಇಡಬೇಡಿ, ತಳದ ಗಾಜಿಗೆ ಕೂರಿಸಿ ಆಮೇಲೆ ಮರಳು ಸುರಿಯಿರಿ. ಇಲ್ಲದಿದ್ರೆ ಅಡಿ ತೋಡಿ ಉರುಳಿಸುತ್ತೆ. ನೀರು, ಗಾಜು, ಮರಳು, ಕಲ್ಲು ಸೇರಿ ಒಂದು ಟನ್ ಹತ್ತಿರ ಬರೋದ್ರಿಂದ ನೆಲಮಹಡಿಯಲ್ಲೇ ಇಡಿ.

ಕೋಲಾರ: 1100 ಟಿಡಿಎಸ್ ನಮ್ಮ ಕಡೆ ಹೊಸದೇನಲ್ಲ, ಆದ್ರೆ ಅಡುಗೆಮನೆ ಆರ್‌ಒ ಮಾತ್ರ ಸಾಲಲ್ಲ. ಅದರ ಮೆಂಬ್ರೇನ್ ನೂರಕ್ಕೆ 95 ಭಾಗ ತೆಗೆದ್ರೂ 55 ಉಳಿಯುತ್ತೆ, ಅದ್ರಲ್ಲಿ ನೈಟ್ರೇಟ್ ಕೂಡ ಇರುತ್ತೆ. ರುಚಿಗೆ ಅಂತ ಹಸಿ ನೀರು ಬೆರೆಸೋ ವಾಲ್ವ್ ಇದ್ರೆ ಮುಚ್ಚಿ, ಮುಂದೆ ಡಿಐ ರೆಸಿನ್ (ಉಳಿದ ಲವಣವನ್ನ ಹಿಡಿಯೋ ಕಾಳು) ಸಿಲಿಂಡರ್ ಎರಡು ಸಾಲಾಗಿ ಹಾಕಿ. ಎರಡರ ಮಧ್ಯೆ ಟಿಡಿಎಸ್ ನೋಡ್ತಾ ಇರಿ. ಅಲ್ಲಿ ಏರಿದ ದಿನ ಮೊದಲನೇದನ್ನ ಬದಲಾಯಿಸಿ. ತುಮಕೂರಿನವರಿಗೆ ಹೇಮಾವತಿ ನೀರು ಬರುತ್ತೆ, ರೆಸಿನ್ ಹೆಚ್ಚು ದಿನ ಬಾಳುತ್ತೆ, ಪುಣ್ಯವಂತರು! ಅವರು ಕ್ಲೋರಿನ್‌ಗೆ ಕಾರ್ಬನ್ ಫಿಲ್ಟರ್ ಮರೆಯಬಾರದು ಅಷ್ಟೆ.

ಉಪ್ಪು ಲೀಟರಿಗೆ 35ರಿಂದ 38 ಗ್ರಾಂ, ಸಾಂದ್ರತೆ 1.025. ಬೇಸಿಗೆಯಲ್ಲಿ ಫ್ಯಾನ್ ಹಾಕಿದ್ರೆ ನೀರು 2–3 ಡಿಗ್ರಿ ಇಳಿಯುತ್ತೆ, ಆದ್ರೆ ಆವಿ ಜಾಸ್ತಿ. ಆರಿದ್ದಕ್ಕೆ ಬರೀ ಉಪ್ಪು ಬೆರೆಸದ ಶುದ್ಧ ನೀರು ತುಂಬಿ. ಉಪ್ಪುನೀರು ಹಾಕ್ತಾ ಹೋದ್ರೆ ತಿಂಗಳಲ್ಲಿ ಸಾಂದ್ರತೆ ಎಲ್ಲಿಗೋ ಹೋಗಿರುತ್ತೆ.

ಚಿಕ್ಕಬಳ್ಳಾಪುರ: ಸರಿ, ಹಾಗಾದ್ರೆ 6 ಅಡೀದು ಮಾಡಿಸ್ತೀನಿ, ಕ್ಲೌನ್ ಹಳೇದ್ರಲ್ಲೇ ಇರಲಿ. ತಂದ ಮೇಲೆ ಏನು?

ಚಿಂತಾಮಣಿ: ದೂರದಿಂದ ಬಂದ ಕವರ್ ಬಿಚ್ಚಿಟ್ಟು ಗಂಟೆಗಟ್ಟಲೆ ಟ್ಯಾಂಕ್ ನೀರನ್ನ ಹನಿ ಹನಿ ಹಾಕ್ತಾ ಕೂರಬೇಡಿ. ಗಾಳಿ ತಾಗಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತೆ, ಕವರಿನ ಅಮೋನಿಯಾ ವಿಷವಾಗುತ್ತೆ. ಮೊದಲೇ ಕವರಿನ ನೀರಿನ ಸಾಂದ್ರತೆ ಕೇಳಿಕೊಂಡು ಕ್ವಾರಂಟೈನ್ ತೊಟ್ಟಿಯನ್ನ (ಹೊಸ ಮೀನನ್ನ ಬೇರೆ ಇಡೋ ತೊಟ್ಟಿ) ಅದಕ್ಕೆ ಹೊಂದಿಸಿಡಿ, ಕವರ್ ತೇಲಿಸಿ ಉಷ್ಣಾಂಶ ಸರಿಯಾದ ಮೇಲೆ ಬಿಡಿ.

ಕ್ವಾರಂಟೈನ್ 30 ದಿನ. ಮೈಗೆ, ಕಿವಿರಿಗೆ ಅಂಟೋ ಫ್ಲೂಕ್ ಹುಳಕ್ಕೆ ಪ್ರಾಜಿಕ್ವಾಂಟೆಲ್ ಔಷಧಿ, ಲೀಟರಿಗೆ 2.5 ಮಿ.ಗ್ರಾಂ., ವಾರ ಬಿಟ್ಟು ಇನ್ನೊಮ್ಮೆ. ಏರ್‌ಸ್ಟೋನ್ (ಗಾಳಿ ಗುಳ್ಳೆ ಬಿಡೋದು) ಜೋರಾಗಿ ಓಡ್ತಿರಲಿ. ಕೆದಕೋಕೆ ಪ್ಲಾಸ್ಟಿಕ್ ಟ್ರೇಯಲ್ಲಿ ಮರಳಿಡಿ. ತಾಮ್ರದ ಔಷಧಿ ಹಾಕೋದಾದ್ರೆ ಅದು ಸಿಲಿಕಾ ಮರಳೇ ಆಗಿರಬೇಕು, ಅರಗೊನೈಟ್ ತಾಮ್ರವನ್ನ ಹೀರಿಕೊಳ್ಳುತ್ತೆ.

ಈ ಮೀನು ಸಾಮಾನ್ಯವಾಗಿ ಸಾಯೋದು ಹಸಿವಿನಿಂದ. ಇಡೀ ದಿನ ಓಡಾಡೋ ಮೈ ಅದರದ್ದು. ದಿನಕ್ಕೊಂದು ಸಲ ಹಾಕಿದ್ರೆ ತಿಂತಾ ತಿಂತಾನೇ ಸೊರಗುತ್ತೆ. ಮೂರ್ನಾಲ್ಕು ಸಲ, ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟು ಕೊಡಿ: ಹೆಚ್ಚಿದ ಸಿಗಡಿ, ಸ್ಕ್ವಿಡ್, ಮುಳುಗೋ ಪೆಲೆಟ್. ಬರೀ ಸಿಗಡಿ ಬೇಡ, ಬದಲಾಯಿಸ್ತಾ ವಿಟಮಿನ್‌ನಲ್ಲಿ ನೆನೆಸಿ ಹಾಕಿ. ತಲೆ ಹಿಂದಿನ ಬೆನ್ನು ಗುಳಿ ಬಿದ್ರೆ ತಡ ಆಗಿದೆ ಅಂತ ಅರ್ಥ. ಇಷ್ಟು ಮೇವಿಗೆ ದೊಡ್ಡ ಸ್ಕಿಮ್ಮರ್ (ನೊರೆ ಮಾಡಿ ಕೊಳೆ ತೆಗೆಯೋ ಸಾಧನ) ಬೇಕೇ ಬೇಕು, ವಾರಕ್ಕೆ ನೂರಕ್ಕೆ 10–15 ಭಾಗ ನೀರು ಬದಲಾಯಿಸಬೇಕು.

ತುಮಕೂರು: ಜೊತೆಗೆ ದೊಡ್ಡ ಸರ್ಜನ್‌ಫಿಶ್, ರ‍್ಯಾಬಿಟ್‌ಫಿಶ್ ಆಗುತ್ತೆ. ಪಫರ್, ಟ್ರಿಗರ್ ಮೀನು ಬೇಡ, ಮೀಸೆ ಕಚ್ಚುತ್ವೆ. ಮುಚ್ಚಳಕ್ಕೆ 6 ಮಿ.ಮೀ. ಕಣ್ಣಿನ ನೈಲಾನ್ ಬಲೆ. ಹೆದರಿದ್ರೆ ನೆಗೆಯುತ್ತೆ, ಪೈಪ್ ಹೋಗೋ ಸಂದಿಯನ್ನೂ ಬಿಡಬೇಡಿ.

ಕೋಲಾರ: ರಾತ್ರಿ ಲೈಟ್ ಆರಿಸಿದ ಮೇಲೆ ಮೈಮೇಲೆ ಮಚ್ಚೆ ಮಚ್ಚೆ ಬಣ್ಣ ಕಂಡ್ರೆ ಔಷಧಿ ಸುರಿಯಬೇಡಿ. ಮಲಗುವಾಗ ಗೋಟ್‌ಫಿಶ್‌ಗಳು ಬಣ್ಣ ಬದಲಾಯಿಸ್ತವೆ. ಬೆಳಗ್ಗೆ ಲೈಟ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಹಗಲಲ್ಲೂ ಹಾಗೇ ಇದ್ರೆ ಮೊದಲು ಅಮೋನಿಯಾ ಟೆಸ್ಟ್ ಮಾಡಿ.